ಕ್ಯಾಂಪಸ್ ಗೇಟಿನ ಕೋವಿಗೆ ಯಾರು ಹೊಣೆ?



ಮುಂಬೈಯಿಂದ ಹೊರಟು ಕಸಾರಾ ಘಾಟಿ ಹತ್ತಿ, ಇಗತಪುರಿ ದಾಟಿ, ನಾಸಿಕ್ ಕಡೆಗೆ ಹೋಗುವಾಗ ಸಿಗುವ ಊರು ಘೋಟಿ. ಮಳೆ ಜೋರು, ಸುತ್ತೆಲ್ಲ ಭತ್ತದ ಗದ್ದೆ, ಪೇಟೆಯಲ್ಲಿ ಅಕ್ಕಿ ಗಿರಣಿ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1646 ಮೀಟರಿನ ಕಳಸೂಬಾಯಿ, ಇಲ್ಲಿಗೆ ಹತ್ತಿರ. ಈ ಭತ್ತದ ಸೀಮೆಯ ಮುಖ ಈಗ ಬದಲಾಗುತ್ತಿದೆ. ಘೋಟಿಯ ಪಕ್ಕದ ಧಾಮಣಗಾಂವ್‌ನಲ್ಲಿ ವೈದ್ಯಕೀಯ ಕಾಲೇಜು ಬಂದಿದೆ. ಮುಂಬೈ–ನಾಗಪುರ ಸಮೃದ್ಧಿ ಮಹಾಮಾರ್ಗದ 701 ಕಿಲೋಮೀಟರೂ 2025ರ ಜೂನ್‌ನಲ್ಲಿ ಪೂರ್ಣಗೊಂಡು, ಈ ಸೀಮೆಯಿಂದ ಛತ್ರಪತಿ ಸಂಭಾಜಿನಗರಕ್ಕೆ ನೇರ ದಾರಿಯಾಗಿದೆ. ದಾರಿ ಬಂದ ಕಡೆ ಜಮೀನಿಗೆ ಬೆಲೆ, ಜಮೀನಿಗೆ ಬೆಲೆ ಬಂದ ಕಡೆ ಗೋಡೆ, ಗೋಡೆ ಎದ್ದಲ್ಲಿ ಗೇಟು, ಗೇಟಿದ್ದಲ್ಲಿ ಸಮವಸ್ತ್ರದ ಒಬ್ಬ ಸೆಕ್ಯುರಿಟಿ. ತುಮಕೂರು, ದಾವಣಗೆರೆ, ಕಲಬುರಗಿಗಳ ಹೊರವಲಯದಲ್ಲೂ ಇದೇ ನೋಟ. ಊರಿನಿಂದ ದೂರ ಹೊಲಗಳ ನಡುವೆ ಸಾವಿರಾರು ಮಕ್ಕಳು ಓದುವ ಕ್ಯಾಂಪಸ್.

ಇಂಥ ಕ್ಯಾಂಪಸ್‌ನಲ್ಲಿ ಕಳ್ಳತನವೋ ಹೊಡೆದಾಟವೋ ನಡೆದ ಮಾರನೆಯ ದಿನ ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ಗೇಟಿಗೆ ಒಬ್ಬ ಗನ್‌ಮ್ಯಾನ್ ಹಾಕಿಬಿಡೋಣ." ಹೇಳುವುದು ಸುಲಭ. ಆ ಕೋವಿ ಗೇಟಿಗೆ ಬರುವ ಮೊದಲು ಎಷ್ಟು ಕಾಗದಗಳನ್ನು ದಾಟಬೇಕು, ಬಂದ ಮೇಲೆ ಅದರ ಭಾರ ಯಾರ ಹೆಗಲ ಮೇಲೆ ಎಂಬುದು ಇವತ್ತಿನ ನನ್ನ ಮಾತಿನ ವಿಷಯ.

ಮೊದಲಿಗೆ, ಹೆಚ್ಚಿನವರ ಗಮನಕ್ಕೆ ಬಾರದ ಒಂದು ಷರತ್ತು. ಖಾಸಗಿ ವ್ಯಕ್ತಿಗೆ ಕೋವಿ ಲೈಸನ್ಸ್ ಕೊಡುವಾಗ ಸರ್ಕಾರ ಅದರ ಜೊತೆಗೆ ಷರತ್ತುಗಳನ್ನೂ ಅಚ್ಚು ಮಾಡಿ ಕೊಡುತ್ತದೆ. ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ ಆಯುಧ ಒಯ್ಯಕೂಡದು ಎಂಬುದು ಅವುಗಳಲ್ಲಿ ಒಂದು. ಅದೇ ಸಾಲಿನಲ್ಲಿ ಶಿಕ್ಷಣ ಸಂಸ್ಥೆಯ ಆವರಣವೂ ಸೇರಿದೆ. ಸಂಬಂಧಪಟ್ಟ ಅಧಿಕಾರಿ ವಿಶೇಷವಾಗಿ ಅನುಮತಿ ಕೊಟ್ಟಿದ್ದರೆ ಮಾತ್ರ ವಿನಾಯಿತಿ. ಅಂದರೆ ಲೈಸನ್ಸ್ ಇದ್ದ ಮಾತ್ರಕ್ಕೆ ಕಾಲೇಜಿನೊಳಗೆ ಕೋವಿ ಹಿಡಿದು ಓಡಾಡಬಹುದು ಎಂದುಕೊಂಡರೆ ತಪ್ಪು. ಕಾನೂನಿನ ದೃಷ್ಟಿಯಲ್ಲಿ ಕ್ಯಾಂಪಸ್ ಎಂದರೆ ಕೋವಿ ಇಲ್ಲದ ಜಾಗ. ಅದನ್ನು ತರಬೇಕೆನ್ನುವವರು ಏಕೆ ಎಂದು ಬರೆದುಕೊಟ್ಟು, ಒಪ್ಪಿಸಿ, ಅಪ್ಪಣೆ ಪಡೆಯಬೇಕು.

ಅಪ್ಪಣೆ ಯಾರಿಂದ? ಘೋಟಿಯಂಥ ಗ್ರಾಮಾಂತರ ಊರಾದರೆ ನಾಸಿಕ್ ಜಿಲ್ಲಾಧಿಕಾರಿ, ಅಂದರೆ ಜಿಲ್ಲಾ ದಂಡಾಧಿಕಾರಿ. ನಾಸಿಕ್ ನಗರ, ಸಂಭಾಜಿನಗರ ನಗರಗಳಲ್ಲಿ ಪೊಲೀಸ್ ಕಮಿಷನರ್. ನಮ್ಮಲ್ಲೂ ಹಾಗೆಯೇ, ಬೆಂಗಳೂರಿಗೆ ಕಮಿಷನರ್, ಜಿಲ್ಲೆಗಳಿಗೆ ಜಿಲ್ಲಾಧಿಕಾರಿ. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು ಇಡೀ ದೇಶಕ್ಕೆ ಒಂದೇ.

ಈ ಕಾಯ್ದೆ ಕೇಳುವುದೇನು? ವಯಸ್ಸು 21 ತುಂಬಿರಬೇಕು. ಮನಸ್ಸು, ದೇಹ ಎರಡೂ ನೆಟ್ಟಗಿವೆ, ಕುಡಿತಕ್ಕೋ ಮಾದಕ ವಸ್ತುವಿಗೋ ದಾಸನಲ್ಲ ಎಂಬ ವೈದ್ಯರ ಪ್ರಮಾಣಪತ್ರ ಬೇಕು. ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಆಗಿರಬೇಕು. ಮನೆಯಲ್ಲಿ ಎಲ್ಲಿ, ಹೇಗೆ ಭದ್ರವಾಗಿಡುತ್ತೀರಿ ಎಂದು ತಿಳಿಸಬೇಕು. ಠಾಣೆಯಿಂದ ವರದಿ ಬರಬೇಕು. ಇಷ್ಟಾದ ಮೇಲೆ ಬರುವ ಲೈಸನ್ಸ್ 5 ವರ್ಷ ಊರ್ಜಿತ. 2019ರ ತಿದ್ದುಪಡಿಗೆ ಮುಂಚೆ 3 ವರ್ಷವಿತ್ತು. ಒಬ್ಬರ ಬಳಿ ಇರಬಹುದಾದ ಕೋವಿಗಳ ಸಂಖ್ಯೆಯನ್ನು ಅದೇ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿತು. ಲೈಸನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು.

ಸೆಕ್ಯುರಿಟಿ ಕೆಲಸಕ್ಕೆ ಇರುವ ಕಾನೂನು ಬೇರೆ. ಅದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ. ಏಜೆನ್ಸಿಗೆ ರಾಜ್ಯ ಸರ್ಕಾರದ ಪರವಾನಗಿ ಕಡ್ಡಾಯ. ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ 25,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾವಲಿಗೆ ಸೇರುವವರು 18 ದಾಟಿ 65ರ ಒಳಗಿನವರಾಗಿರಬೇಕು, ನಡತೆ–ಪೂರ್ವಾಪರಗಳ ವಿಚಾರಣೆ ಆಗಿರಬೇಕು. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಹೊಸಬರಿಗೆ 100 ಗಂಟೆ ತರಗತಿ ಪಾಠ, 60 ಗಂಟೆ ಹೊರಾಂಗಣ ತರಬೇತಿ. ಸೇನೆ, ಪೊಲೀಸ್ ಇಲಾಖೆಗಳಿಂದ ಬಂದವರಿಗೆ ಇದು ಕಡಿಮೆ. ಪಾಠದಲ್ಲಿ ಆತ್ಮರಕ್ಷಣೆಯ ಹಕ್ಕು, ದೂರು ಕೊಡುವ ಕ್ರಮ, ಆಯುಧ ಕಾಯ್ದೆಯ ಮುಖ್ಯ ಕಲಮುಗಳ ಪರಿಚಯ ಎಲ್ಲ ಇರಬೇಕು. ಸೇನೆಯ, ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪು ತೊಟ್ಟರೆ ಅದೂ ಅಪರಾಧ.

ಎರಡು ಕಾಯ್ದೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 19ರ ಹುಡುಗ ಕಾನೂನುಬದ್ಧವಾಗಿ ಸೆಕ್ಯುರಿಟಿ ಆಗಬಹುದು, ಆದರೆ ಕೋವಿ ಮುಟ್ಟುವಂತಿಲ್ಲ. ಏಜೆನ್ಸಿ ಕೊಡುವ ಗುರುತಿನ ಚೀಟಿ ಗೇಟಿನಲ್ಲಿ ನಿಲ್ಲಲು ಸಾಕು, ಕೋವಿ ಹಿಡಿಯಲು ಸಾಲದು. ಭದ್ರತಾ ಏಜೆನ್ಸಿಯ ಪರವಾನಗಿ ತೋರಿಸಿ "ನಮ್ಮಲ್ಲಿ ಲೈಸನ್ಸ್ ಇದೆ ಸಾರ್" ಎಂದು ಯಾರಾದರೂ ಹೇಳಿದರೆ, ಅದು ಮನುಷ್ಯರನ್ನು ಕಳಿಸುವ ಲೈಸನ್ಸ್, ಆಯುಧದ ಲೈಸನ್ಸ್ ಅಲ್ಲ ಎಂಬುದು ನೆನಪಿರಲಿ.

ಹಾಗಾದರೆ ಗೇಟಿನಲ್ಲಿ ನಾವು ನೋಡುವ ಡಬಲ್ ಬ್ಯಾರೆಲ್ ಕೋವಿ ಯಾರದು? ಬ್ಯಾಂಕುಗಳಲ್ಲಿ ಹಳೆಯ ಪದ್ಧತಿ ಒಂದಿದೆ. ಕೋವಿ ಸಂಸ್ಥೆಯದು, ಲೈಸನ್ಸ್ ಸಂಸ್ಥೆಯ ಪರವಾಗಿ, ಹೊಣೆಗಾರ ಅಧಿಕಾರಿ ಒಬ್ಬರು ಇರುತ್ತಾರೆ, ಹಿಡಿಯುವ ಕಾವಲುಗಾರನ ಹೆಸರೂ ದಾಖಲಾಗಿರುತ್ತದೆ. ಆದರೆ ಬೇರೆ ಕಡೆಗಳಲ್ಲಿ ಬಳಕೆಗೆ ಬಂದಿರುವುದು ಇನ್ನೊಂದು ದಾರಿ. "ಗನ್‌ಮ್ಯಾನ್ ಬೇಕಾಗಿದ್ದಾರೆ, ಸ್ವಂತ ಲೈಸನ್ಸ್ ಮತ್ತು ಕೋವಿ ಇರಬೇಕು" ಎಂಬ ಅರ್ಥದ ಜಾಹೀರಾತನ್ನು ನೀವೂ ನೋಡಿರಬಹುದು. ಊರಿನಲ್ಲಿ ಬೆಳೆ ಕಾಯಲೆಂದೋ ಜೀವರಕ್ಷಣೆಗೆಂದೋ ಲೈಸನ್ಸ್ ಪಡೆದವರು ಆ ಕೋವಿಯನ್ನು ಹೆಗಲಿಗೇರಿಸಿಕೊಂಡು ಕೆಲಸ ಹುಡುಕಿ ಬರುತ್ತಾರೆ. ಕೋವಿ ಇಲ್ಲದವನಿಗಿಂತ ಸಂಬಳ ಸ್ವಲ್ಪ ಹೆಚ್ಚು, ಅಷ್ಟೆ.

ಇಲ್ಲೇ ತೊಡಕು ಶುರು. ಡ್ರೈವಿಂಗ್ ಲೈಸನ್ಸ್ ಇದ್ದವನು ಯಾರ ಕಾರನ್ನಾದರೂ, ದೇಶದ ಯಾವ ರಸ್ತೆಯಲ್ಲಾದರೂ ಓಡಿಸಬಹುದು. ಕೋವಿ ಲೈಸನ್ಸ್ ಹಾಗಲ್ಲ. ಅದರಲ್ಲಿ ಇಂಥ ವ್ಯಕ್ತಿ, ಇಂಥ ನಂಬರಿನ ಕೋವಿ, ಇಂಥ ಉದ್ದೇಶ, ಇಂಥ ಪ್ರದೇಶ ಎಂದು ನಮೂದಾಗಿರುತ್ತದೆ. ಒಂದು ಜಿಲ್ಲೆಗೋ ಒಂದು ರಾಜ್ಯಕ್ಕೋ ಸೀಮಿತವಾದ ಲೈಸನ್ಸ್ ಗಡಿ ದಾಟಿದರೆ ಬರೀ ಕಾಗದ. ಕಲಬುರಗಿಯಲ್ಲಿ ಪಡೆದ, ಕರ್ನಾಟಕಕ್ಕೆ ಮಾತ್ರ ಊರ್ಜಿತವಾದ ಲೈಸನ್ಸ್ ಹಿಡಿದು ಸೊಲ್ಲಾಪುರದ ಕಾಲೇಜಿನ ಗೇಟಿನಲ್ಲಿ ನಿಂತವನು, ತಾನು ಕಾನೂನಿನಂತೆಯೇ ಇದ್ದೇನೆಂದು ನಂಬಿರುತ್ತಾನೆ. ಆದರೆ ಪೊಲೀಸರು ಬಂದರೆ ಸಿಕ್ಕಿಬೀಳುವುದು ಅವನೇ. ಹಾಗೆಯೇ ಕೋವಿಯನ್ನು ಪಾಳಿ ಬದಲಾಗುವಾಗ ಒಬ್ಬರಿಂದೊಬ್ಬರಿಗೆ ದಾಟಿಸುವಂತಿಲ್ಲ. ಲೈಸನ್ಸ್ ಇಲ್ಲದವರು ಬೇರೆಯವರ ಕೋವಿ ಒಯ್ಯಬಹುದಾದ ಸಂದರ್ಭಗಳನ್ನು ಕಾಯ್ದೆ ಹೆಸರಿಸಿದೆ: ರಿಪೇರಿಗೆ, ಲೈಸನ್ಸ್ ನವೀಕರಣಕ್ಕೆ, ಮಾಲೀಕನೇ ಬಳಸಲೆಂದು ಒಯ್ದುಕೊಡಲು. ಅದಕ್ಕೂ ಮಾಲೀಕ ಜೊತೆಗಿರಬೇಕು, ಇಲ್ಲವೇ ಬರೆದುಕೊಟ್ಟಿರಬೇಕು. "ರಾತ್ರಿ ಪಾಳಿಯವನು ಬಂದ, ಕೋವಿ ಅವನ ಕೈಗೆ ಕೊಟ್ಟು ನಾನು ಮನೆಗೆ ಹೋದೆ" ಎಂಬುದು ಅದರಲ್ಲಿ ಇಲ್ಲ.

ಈ ಸಡಿಲ ಪದ್ಧತಿ ಯಾವ ಮಟ್ಟ ಮುಟ್ಟಬಹುದೆಂಬುದಕ್ಕೆ ನಾಸಿಕ್, ಸಂಭಾಜಿನಗರ ಎರಡಕ್ಕೂ ನೆರೆಯ ಜಿಲ್ಲೆಯಾದ ಅಹಿಲ್ಯಾನಗರದಲ್ಲಿ ಉದಾಹರಣೆ ಸಿಕ್ಕಿತು. 2024ರ ನವೆಂಬರ್‌ನಲ್ಲಿ ಅಲ್ಲಿನ ಪೊಲೀಸರು ಸೇನೆಯ ಗುಪ್ತಚರ ವಿಭಾಗದ ಮಾಹಿತಿ ಪಡೆದು, ಜಮ್ಮು–ಕಾಶ್ಮೀರದ ನಕಲಿ ಲೈಸನ್ಸ್ ಮತ್ತು 12 ಬೋರ್ ಕೋವಿಗಳನ್ನು ಇಟ್ಟುಕೊಂಡು ಸೆಕ್ಯುರಿಟಿ ಕೆಲಸ ಮಾಡುತ್ತಿದ್ದವರನ್ನು ಬಂಧಿಸಿದರು. ಇದಕ್ಕೂ ಹಿಂದೆ, 2012ರಿಂದ 2016ರವರೆಗೆ ಜಮ್ಮು–ಕಾಶ್ಮೀರದಲ್ಲಿ ಅರ್ಹರಲ್ಲದವರಿಗೆ ಹೋದ ಲೈಸನ್ಸ್‌ಗಳು 2.78 ಲಕ್ಷಕ್ಕೂ ಹೆಚ್ಚು ಎಂದು ಸಿಬಿಐ ಆರೋಪಿಸಿತ್ತು. ದೇಶದ ಎಲ್ಲ ಲೈಸನ್ಸ್‌ಗಳಿಗೂ ಈಗ ರಾಷ್ಟ್ರೀಯ ದತ್ತಾಂಶದಲ್ಲಿ ಪ್ರತ್ಯೇಕ ಗುರುತು ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಠಾಣೆಗೋ ಜಿಲ್ಲಾಧಿಕಾರಿ ಕಚೇರಿಗೋ ಬರೆದು ತಾಳೆ ನೋಡಿಸುವುದು ದೊಡ್ಡ ಕೆಲಸವೇನಲ್ಲ. ನೋಡಿಸುವ ಗೋಜಿಗೆ ಹೋಗದೆ ಗೇಟಿನಲ್ಲಿ ನಿಲ್ಲಿಸಿಕೊಂಡವರ ಹೊಣೆ ಎಲ್ಲಿ ಹೋಯಿತು ಎಂದು ಕೇಳಬೇಕಾಗಿದೆ.

ಲೈಸನ್ಸ್ ಎಂದರೆ ನಮ್ಮ ಜನಕ್ಕೆ ಒಂದು ಬಗೆಯ ಕಿರಿಕಿರಿ. ಅದಕ್ಕೆ ಚರಿತ್ರೆಯಲ್ಲಿ ಕಾರಣವೂ ಉಂಟು. 1857ರಲ್ಲಿ ಇಂಗ್ಲಿಷರು ಆಯುಧಗಳನ್ನು ಒಪ್ಪಿಸಿ, ಪರವಾನಗಿ ಪಡೆಯಿರಿ ಎಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ತಿರುಗಿಬಿದ್ದರು. ಊರು ಸುಟ್ಟುಹೋಯಿತು, 19 ಮಂದಿಯನ್ನು ಗಲ್ಲಿಗೇರಿಸಿದರು. ಅವರ ಲಾವಣಿ ಇಂದಿಗೂ ಉತ್ತರ ಕರ್ನಾಟಕದ ಬಾಯಲ್ಲಿದೆ. ಅತ್ತ ಕೊಡಗಿನಲ್ಲಿ 1861ರಲ್ಲೇ ಕೊಡವರಿಗೆ ಈ ಪರವಾನಗಿಯ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. 1878ರ, ವೈಸ್‌ರಾಯ್ ಲಿಟ್ಟನ್ ಕಾಲದ ಆಯುಧ ಕಾಯ್ದೆಯಲ್ಲಿ ಭಾರತೀಯನಿಗೆ ಲೈಸನ್ಸ್ ಬೇಕಿತ್ತು, ಯುರೋಪಿಯನ್ನನಿಗೆ ಬೇಕಿರಲಿಲ್ಲ. ಅದೇ ಕಾಯ್ದೆಯ ಕಾಲದಲ್ಲಿ, 1909ರ ಡಿಸೆಂಬರ್ 21ರ ರಾತ್ರಿ, ನಾಸಿಕ್‌ನ ವಿಜಯಾನಂದ ನಾಟಕಗೃಹದಲ್ಲಿ ಕಲೆಕ್ಟರ್ ಜಾಕ್ಸನ್‌ಗೆ ಗುಂಡಿಕ್ಕಿದವನು ಅನಂತ ಕಾನ್ಹೆರೆ. ಔರಂಗಾಬಾದ್‌ನಲ್ಲಿ, ಅಂದರೆ ಇವತ್ತಿನ ಛತ್ರಪತಿ ಸಂಭಾಜಿನಗರದಲ್ಲಿ, ಓದುತ್ತಿದ್ದ ಹದಿಹರೆಯದ ವಿದ್ಯಾರ್ಥಿ. ಬಳಸಿದ ಬ್ರೌನಿಂಗ್ ಪಿಸ್ತೂಲು ಲಂಡನ್‌ನಿಂದ ಕದ್ದುಮುಚ್ಚಿ ತಂದವುಗಳಲ್ಲಿ ಒಂದು.

ಆಗಿನ ಕಾಯ್ದೆಗೆ ಇದ್ದುದು ದೊರೆಗಳ ಭಯ: ಪ್ರಜೆಯ ಕೈಯಲ್ಲಿ ಕೋವಿ ಇರಬಾರದು. 1959ರ ಕಾಯ್ದೆ ಕೇಳುವ ಪ್ರಶ್ನೆ ಬೇರೆ: ಈ ಕೋವಿಯಿಂದ ಅಕ್ಕಪಕ್ಕದವರಿಗೆ ಅಪಾಯವಿಲ್ಲವೆಂದು ಯಾರು ಖಾತರಿ ಕೊಡುತ್ತಾರೆ? ಬಿಳಿಯರ ಕಾಲದ ಕಿರಿಕಿರಿಯ ನೆನಪಿನಲ್ಲಿ ನಾವು ಈ ಎರಡನೆಯ ಪ್ರಶ್ನೆಯನ್ನೂ ಕಚೇರಿ ಅಲೆದಾಟ ಎಂದು ತಳ್ಳಿಹಾಕಿಬಿಡುತ್ತೇವೆ. ಸಾವಿರಾರು ಮಕ್ಕಳಿರುವ ಕ್ಯಾಂಪಸ್‌ನಲ್ಲಿ ಅದನ್ನು ತಳ್ಳಿಹಾಕಲಾಗದು.

ಹಾಗೆಂದು ಕೋವಿಯೇ ಬೇಡವೇ ಎಂದು ನೀವು ಕೇಳಬಹುದು. 2005ರ ಡಿಸೆಂಬರ್ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಟಾಟಾ ಸಭಾಂಗಣದ ಹೊರಗೆ, ಸ್ವಯಂಚಾಲಿತ ರೈಫಲ್ ಹಿಡಿದು ಬಂದವರು ಗುಂಡು ಹಾರಿಸಿದರು. ಸಮ್ಮೇಳನಕ್ಕೆಂದು ಬಂದಿದ್ದ ದೆಹಲಿ ಐಐಟಿಯ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ತೀರಿಕೊಂಡರು. ನಮ್ಮ ನಾಡಿನ ಕ್ಯಾಂಪಸ್‌ಗಳ ಭದ್ರತೆಯ ಚರ್ಚೆಗೆ ಅದೂ ಒಂದು ಕಾರಣವಾಯಿತು. ಆದರೆ ಸ್ವಯಂಚಾಲಿತ ರೈಫಲ್ಲಿನ ಎದುರು, ಎರಡು ಗುಂಡು ಹಾರಿಸಿ ಮತ್ತೆ ತೋಟಾ ತುಂಬಬೇಕಾದ ಡಬಲ್ ಬ್ಯಾರೆಲ್ ಹಿಡಿದ ಕಾವಲುಗಾರನನ್ನು ನಿಲ್ಲಿಸುವುದು ರಕ್ಷಣೆಯಲ್ಲ, ಅವನನ್ನು ಬಲಿ ಕೊಡುವುದು. 12 ಬೋರ್ ತೋಟಾದೊಳಗೆ ಇರುವುದು ಸಾಮಾನ್ಯವಾಗಿ ಸೀಸದ ಹಲವು ಚರೆಗಳು. ದೂರ ಹೋದಷ್ಟೂ ಚದುರುತ್ತವೆ. ಕ್ಯಾಂಟೀನಿನ ಮುಂದೆ, ಬಸ್ಸು ಹತ್ತುವ ಗುಂಪಿನಲ್ಲಿ ಅದು ಯಾರಿಗೆ ತಾಗುತ್ತದೆಂದು ಹಾರಿಸಿದವನಿಗೂ ಗೊತ್ತಿರುವುದಿಲ್ಲ.

ಇನ್ನೊಂದು ಘಟನೆ 2015ರ ಮಾರ್ಚ್ 31ರದು. ಬೆಂಗಳೂರಿನ ಕಾಡುಗೋಡಿಯ ಪ್ರಗತಿ ಪಿಯು ಕಾಲೇಜಿನ ಹಾಸ್ಟೆಲಿನಲ್ಲಿ ಒಬ್ಬ ವಿದ್ಯಾರ್ಥಿನಿ ಗುಂಡೇಟಿಗೆ ಬಲಿಯಾದಳು, ಇನ್ನೊಬ್ಬಳು ಗಾಯಗೊಂಡಳು. ಪೊಲೀಸರು ಹಿಡಿದದ್ದು ಅದೇ ಕಾಲೇಜಿನ ಸಿಬ್ಬಂದಿಯನ್ನು. ಅಪಾಯ ಗೇಟಿನ ಹೊರಗಿನಿಂದ ಬರಲಿಲ್ಲ. ಒಳಗಿನವರ ಪೂರ್ವಾಪರ ವಿಚಾರಿಸುವುದು, ಹಾಸ್ಟೆಲಿಗೆ ಯಾರು ಹೋಗಬಹುದು ಎಂಬ ಕಟ್ಟುನಿಟ್ಟು, ಹೆದರಿದ ಹುಡುಗಿ ನಿರ್ಭಯವಾಗಿ ಹೇಳಿಕೊಳ್ಳಲು ಒಬ್ಬ ವಾರ್ಡನ್ — ಇವುಗಳ ಕೆಲಸವನ್ನು ಕೋವಿ ಮಾಡಲಾರದು.

ಆಯುಧಗಳು ಧಾರಾಳವಾಗಿರುವ ಅಮೆರಿಕವನ್ನೇ ನೋಡಿ. 2022ರ ಮೇ 24ರಂದು ಟೆಕ್ಸಸ್‌ನ ಉವಾಲ್ಡಿ ಊರಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಕೊಲೆಯಾದರು. ಅಲ್ಲಿ ಸೇರಿದ್ದ ಸಶಸ್ತ್ರ ಅಧಿಕಾರಿಗಳು 370ಕ್ಕೂ ಹೆಚ್ಚು. ಕೊಲೆಗಾರನಿದ್ದ ತರಗತಿಯೊಳಗೆ ನುಗ್ಗಲು ತೆಗೆದುಕೊಂಡದ್ದು ಒಂದು ಗಂಟೆಗೂ ಮೇಲೆ. ಕೊರತೆಯಾದದ್ದು ಕೋವಿಗಳಲ್ಲ, ಯಾರು ಆಜ್ಞೆ ಕೊಡಬೇಕು, ಯಾರು ಮುಂದೆ ಹೋಗಬೇಕು ಎಂಬ ತಯಾರಿ. ಅದೇ ಅಮೆರಿಕದಿಂದ ಕಲಿಯಬೇಕಾದದ್ದೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಕಾವಲುಗಾರನ ಕಾರ್ಡು ಬೇರೆ, ಕೆಲಸದ ಮೇಲೆ ಕೋವಿ ಹಿಡಿಯುವ ಪರವಾನಗಿ ಬೇರೆ. ಎರಡನೆಯದಕ್ಕೆ 14 ಗಂಟೆಯ ತರಬೇತಿ. ಎರಡು ವರ್ಷಕ್ಕೊಮ್ಮೆ ನವೀಕರಿಸುವಾಗ, ಆ ಅವಧಿಯಲ್ಲಿ ನಾಲ್ಕು ಸಲ ಗುರಿ ಪರೀಕ್ಷೆ ಪಾಸಾದ ದಾಖಲೆ ತೋರಿಸಬೇಕು. ನಮ್ಮ ಗೇಟಿನ ಗನ್‌ಮ್ಯಾನ್ ಕಡೆಯ ಸಲ ಗುರಿಯಿಟ್ಟು ಹಾರಿಸಿದ್ದು ಯಾವಾಗ ಎಂದು ಯಾವ ಕಾಲೇಜೂ ಕೇಳಿದಂತಿಲ್ಲ. ಬ್ರಿಟನ್ನಿನಲ್ಲಂತೂ ಖಾಸಗಿ ಕಾವಲುಗಾರನಿಗೆ ಕೋವಿಯೇ ಇಲ್ಲ. ಅದು ಪೊಲೀಸರ ಕೆಲಸ.

ನಮ್ಮಲ್ಲೂ ಆ ದಾರಿ ಮುಚ್ಚಿಲ್ಲ. ನಿಜವಾಗಿ ಸಶಸ್ತ್ರ ಕಾವಲು ಬೇಕಾದ ಕಡೆ ಸರ್ಕಾರದ ಪಡೆಗಳಿವೆ. ನಾಸಿಕ್ ರೋಡಿನ ನೋಟು ಮುದ್ರಣಾಲಯವನ್ನು ಕಾಯುವುದು ಕೇಂದ್ರದ ಕೈಗಾರಿಕಾ ಭದ್ರತಾ ಪಡೆ, ಸಿಐಎಸ್‌ಎಫ್. 2009ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಖಾಸಗಿ ಸಂಸ್ಥೆಗಳೂ ಹಣ ಕೊಟ್ಟು ಈ ಪಡೆಯನ್ನು ಪಡೆಯಬಹುದಾದಾಗ ಮೊದಲು ಪಡೆದದ್ದು ಬೆಂಗಳೂರಿನ ಇನ್ಫೋಸಿಸ್ ಕ್ಯಾಂಪಸ್. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿಗೆ ಸುಪ್ರೀಂ ಕೋರ್ಟೇ ಈ ಪಡೆಯನ್ನು ಕಳಿಸಿತು. ಮಹಾರಾಷ್ಟ್ರದಲ್ಲಿ 2010ರ ಕಾಯ್ದೆಯಂತೆ ಸ್ಥಾಪನೆಯಾದ ರಾಜ್ಯ ಭದ್ರತಾ ನಿಗಮವಿದೆ. ಕರ್ನಾಟಕದಲ್ಲಿ ರಾಜ್ಯ ಕೈಗಾರಿಕಾ ಭದ್ರತಾ ಪಡೆ ಇದೆ. ಇಂಥ ಪಡೆಯ ಸಿಬ್ಬಂದಿ ಹಿಡಿಯುವ ಕೋವಿ ಯಾರ ಸ್ವಂತದ್ದೂ ಅಲ್ಲ. ಅದು ಶಸ್ತ್ರಾಗಾರದಿಂದ ಬರುತ್ತದೆ, ಲೆಕ್ಕಕ್ಕೆ ಸಿಗುತ್ತದೆ, ಪಾಳಿ ಮುಗಿದ ಮೇಲೆ ವಾಪಸು ಹೋಗುತ್ತದೆ. ತಪ್ಪಾದರೆ ಉತ್ತರ ಕೊಡಲು ಮೇಲಧಿಕಾರಿ ಇದ್ದಾರೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಕ್ಯಾಂಪಸ್‌ಗೆ ಕೋವಿ ಬೇಕೆಂದು ನಿರ್ಧರಿಸುವುದು ಸಂಸ್ಥೆ; ಆದ್ದರಿಂದ ಲೈಸನ್ಸಿನ ಭಾರ ಹೊರಬೇಕಾದದ್ದೂ ಸಂಸ್ಥೆಯೇ. ದಿನಕ್ಕೆ 12 ಗಂಟೆ ನಿಲ್ಲುವ, ಸಣ್ಣ ಸಂಬಳದ ಮನುಷ್ಯನ ತಲೆಗೆ ಅದನ್ನು ಕಟ್ಟಬಾರದು. ಅವನು ಪೊಲೀಸನಲ್ಲ. ಕಣ್ಣೆದುರು ಗಂಭೀರ ಅಪರಾಧ ನಡೆದರೆ ಯಾವ ನಾಗರಿಕನಾದರೂ ಆರೋಪಿಯನ್ನು ಹಿಡಿಯಬಹುದು. ಹಿಡಿದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಾವಲುಗಾರನ ಅಧಿಕಾರವೂ ಅಷ್ಟೇ. ಆತ್ಮರಕ್ಷಣೆಯ ಹಕ್ಕಿಗೂ ಮಿತಿಯಿದೆ: ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಲ್ಯಾಪ್‌ಟಾಪ್ ಕದ್ದು ಓಡುವ ಹುಡುಗನ ಬೆನ್ನಿಗೆ ಗುಂಡು ಹಾರಿಸಿದರೆ ಕಟಕಟೆಯಲ್ಲಿ ನಿಲ್ಲುವುದು ಆ ಕಾವಲುಗಾರ. ಅವನನ್ನು ಅಲ್ಲಿ ನಿಲ್ಲಿಸಿದ ಟ್ರಸ್ಟಿನ ಅಧ್ಯಕ್ಷರು ಸಾಕ್ಷಿಯಾಗಿಯೂ ಬರಲಿಕ್ಕಿಲ್ಲ.

ಹಾಗಾಗಿ ಪೋಷಕರಲ್ಲಿ, ಉಪನ್ಯಾಸಕರಲ್ಲಿ, ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ. ನಿಮ್ಮ ಕಾಲೇಜಿನ ಗೇಟಿನಲ್ಲಿ ಕೋವಿ ಕಂಡರೆ ಕೆಲವು ಕಾಗದಗಳನ್ನು ಕೇಳಿ. ಏಜೆನ್ಸಿಯ ಪರವಾನಗಿ. ಕಾವಲುಗಾರನ ತರಬೇತಿಯ ಪ್ರಮಾಣಪತ್ರ. ಕೋವಿಯ ನಂಬರು, ಲೈಸನ್ಸಿನ ಗುರುತು ಸಂಖ್ಯೆ, ಅದು ಯಾವ ಪ್ರದೇಶಕ್ಕೆ ಊರ್ಜಿತ, ಯಾವ ತಾರೀಖಿನವರೆಗೆ. ಕ್ಯಾಂಪಸ್‌ನೊಳಗೆ ಆಯುಧ ತರಲು ಅಧಿಕಾರಿ ಕೊಟ್ಟ ವಿಶೇಷ ಅನುಮತಿ. ರಾತ್ರಿ ಆ ಕೋವಿ ಎಲ್ಲಿರುತ್ತದೆ, ಬೀಗದ ಕೈ ಯಾರ ಬಳಿ ಎಂಬ ಬರಹ. ಇಷ್ಟೂ ಇದ್ದರೆ ಸಂತೋಷ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಕೋವಿಯನ್ನು ಠಾಣೆಗೋ ಲೈಸನ್ಸ್ ಇರುವ ಆಯುಧ ಮಳಿಗೆಗೋ ಒಪ್ಪಿಸಿ ರಸೀದಿ ಪಡೆಯಲು ಹೇಳಿ. ಉಳಿದ ಹಣದಲ್ಲಿ ಹಾಸ್ಟೆಲ್ ದಾರಿಗೆ ದೀಪ ಹಾಕಿಸಲಿ, ಗೇಟಿಗೆ ಇನ್ನೊಬ್ಬರನ್ನು ನೇಮಿಸಿ ಪಾಳಿಯನ್ನು 8 ಗಂಟೆಗೆ ಇಳಿಸಲಿ, ಹತ್ತಿರದ ಠಾಣೆಯ ಜೊತೆ ವರ್ಷಕ್ಕೆರಡು ಸಲ ತಾಲೀಮು ನಡೆಸಲಿ. ಇದಕ್ಕೆ ಯಾವ ಲೈಸನ್ಸೂ ಬೇಕಾಗಿಲ್ಲ. ಮುಂದಿನ ಸಭೆಯಲ್ಲೇ ತೀರ್ಮಾನಿಸಬಹುದು.